ಗಂಡಸರ ದನಿಗೆ ಪದ ಆಯುವ ಪಟ್ಟಲಮ್ಮ

ಬೆಳಗಿನ ಐದೂವರೆ. ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಆಗಲೇ ಲಾರಿಗಳು ಸಾಲು ಹಿಡಿದಿವೆ. ಗುಡ್ಡೆ ಹಾಕಿದ ಕಾಯಿಗಳ ಮುಂದೆ ನಿಂತ ಗಂಡಸರು ಎರಡೆರಡನ್ನೇ ಎತ್ತಿ ಲಾರಿಗೆ ಎಸೆಯುತ್ತ ರಾಗವಾಗಿ ಎಣಿಸುತ್ತಿದ್ದಾರೆ. ಪಕ್ಕದ ಟೀ ಅಂಗಡಿಯ ಕಲ್ಲುಬೆಂಚಿನ ಮೇಲೆ ಐವತ್ತಾರರ ಹೆಂಗಸೊಬ್ಬರು ಕಣ್ಣು ಮುಚ್ಚಿ ಕೂತಿದ್ದಾರೆ. ಕೈಯಲ್ಲಿನ ಟೀ ಆರಿ ಕೆನೆ ಕಟ್ಟಿದೆ. ಅವರು ಬಂದಿರುವುದು ಶಿವರಾಜು ಎಂಬ ಲೋಡಿಂಗ್ ಆಳು ಕಾಯಿ ಎಣಿಸುವುದನ್ನು ಕೇಳಲು.

“ಮೂವತ್ತರ ತಂಕ ಗಂಟಲಲ್ಲಿ ಎಣಿಸ್ತಾನೆ. ನಲವತ್ತು ದಾಟ್ತಿದ್ದಂಗೆ ಸುಸ್ತಾಗಿ ದನಿ ಎದೆಗೆ ಇಳೀತದೆ. ನೋಡಿ, ಈಗ ಇಳೀತು. ಅದೇ ಅವುನ್ ಸ್ವಂತ ದನಿ,” ಎಂದು ಕಣ್ಣು ಬಿಡುತ್ತಾರೆ ಪಟ್ಟಲಮ್ಮ.

ಆತಗೂರು ಹೋಬಳಿಯ ಪಟ್ಟಲಮ್ಮ ನಾಟಕದ ಮೇಷ್ಟ್ರು. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಗದ್ದೆ ಉಳುವವರು, ಬಸ್ ಕಂಡಕ್ಟರುಗಳು, ಡೇರಿಗೆ ಹಾಲು ಹಾಕುವವರು ಒಂದು ವಯಸ್ಸಿಗೆ ಬಂದರೆಂದರೆ ಮೀಸೆ ಅಂಟಿಸಿಕೊಂಡು ಕಿರೀಟ ಇಡದೆ ಬಿಡುವುದಿಲ್ಲ. ಅವರಿಗೆ ಎರಡು ಮೂರು ತಿಂಗಳು ಮಾತು, ಕಂದಪದ್ಯ, ಹಾಡು ಕಲಿಸಿ ರಂಗಕ್ಕೆ ಹತ್ತಿಸುವುದು ಹಾರ್ಮೋನಿಯಂ ಮೇಷ್ಟ್ರ ಕೆಲಸ. ಈ ಕೆಲಸದಲ್ಲಿರುವ ಹೆಂಗಸರು ತೀರಾ ಅಪರೂಪ. ಪಟ್ಟಲಮ್ಮನನ್ನು ಊರ ಗಂಡಸರೆಲ್ಲ ‘ಮೇಷ್ಟ್ರಮ್ಮ’ ಎನ್ನುತ್ತಾರೆ.

ಅವರ ಕೈಗುಣ ಒಂದೇ ಒಂದು ಹಾಡಿನ ಆಯ್ಕೆಯಲ್ಲಿದೆ. ನಾಟಕದ ನಡುವೆ ಪಾತ್ರಧಾರಿ ಎದುರಾಳಿಯನ್ನು ಬಿಟ್ಟು, ಮೈಕಿನ ಹತ್ತಿರ ಬಂದು, ನೇರ ಜನರ ಮುಖ ನೋಡಿ ಹಾಡುವ ಹಾಡು ಅದು. ಯಾರಿಗೆ ಯಾವುದು ಕೊಡಬೇಕೆಂಬುದರಲ್ಲೇ ನಾಟಕದ ಸೋಲು ಗೆಲುವು ಇದೆಯೆಂಬುದು ಅವರ ಲೆಕ್ಕ.

“ಕತ್ತಿ ಇಡ್ಕಂಡು ಕೂಗಾಡೋಕೆ ಯಾರ್ ಬೇಕಾದ್ರೂ ಕೂಗಾಡ್ತಾರೆ. ಜನದ ಕಣ್ಣಲ್ಲಿ ಕಣ್ಣಿಟ್ಟು ‘ನಂಗೆ ಇಂಗಾಯ್ತು’ ಅಂತ ಏಳೋದು ಕಸ್ಟ. ಗಂಡಸ್ರು ಮನೇಲಿ ಎಂಡ್ತಿ ಮುಂದೇನೇ ಬಾಯ್ಬುಟ್ಟು ಏಳ್ಕಳಲ್ಲ. ಅವರ ಒಳಗಿರೋದು ಈಚೀಕೆ ಬರೋಕೆ ಸರ್ಯಾದ್ ಪದ ಬೇಕು.”

ಪದ, ಅಂದರೆ ಹಾಡು, ಆಯುವ ಮೊದಲು ಅವರು ಆ ಗಂಡಸನ್ನು ಅವನ ಕೆಲಸದ ಜಾಗದಲ್ಲೇ ಹೋಗಿ ಕೇಳುತ್ತಾರೆ. ಎತ್ತನ್ನು ಗದರುವ ದನಿ, ಟಿಕೆಟ್ ಟಿಕೆಟ್ ಎನ್ನುವ ದನಿ, ಆಲೆಮನೆಯ ಒಲೆ ಮುಂದೆ ಕೆಮ್ಮುವ ದನಿ. ಬೆಳಿಗ್ಗೆ ನಾಲ್ಕೂವರೆಗೆ ಎದ್ದರೆ ದಿನಕ್ಕೆ ಎರಡು ಊರು, ನಲವತ್ತು ಕಿಲೋಮೀಟರು, ಮೊಪೆಡ್ಡಿನ ಹಿಂದೆ ಹಗ್ಗದಲ್ಲಿ ಬಿಗಿದ ಹಾರ್ಮೋನಿಯಂ. ಮೂವತ್ತೊಂದು ವರ್ಷದಲ್ಲಿ ಇನ್ನೂರ ಮೂವತ್ತಾರು ನಾಟಕ ಕಲಿಸಿದ್ದಾರೆ. ತಂದೆಯವೂ ತಮ್ಮವೂ ಸೇರಿ ಹತ್ತೊಂಬತ್ತು ನೋಟುಪುಸ್ತಕ, ಸುಮಾರು ಏಳುನೂರು ಹಾಡು.

ತಂದೆ ಮುದ್ದಯ್ಯನೂ ಇದೇ ಕಸುಬಿನವರು. ತಾಲೀಮಿಗೆಂದು ಹೋದ ಊರುಗಳಲ್ಲಿ ರಾತ್ರಿ ಮಳೆ ಬಂದರೆ ಮನೆಯವರು ಹಾರ್ಮೋನಿಯಂ ಎತ್ತಿಕೊಂಡು ಹೋಗಿ ಪಡಸಾಲೆಯಲ್ಲಿ ಇಡುತ್ತಿದ್ದರಂತೆ. ಮುದ್ದಯ್ಯನಿಗೆ ಮಾತ್ರ ಜಗುಲಿಯೇ ಗತಿ. “ಪೆಟ್ಗೆಗೆ ಜಾತಿ ಇರ್ನಿಲ್ಲ, ನುಡಿಸೋನ್ಗೆ ಇತ್ತು,” ಎನ್ನುವಾಗ ಪಟ್ಟಲಮ್ಮನ ದನಿಯಲ್ಲಿ ಕಹಿಯಿಲ್ಲ, ಮರೆವೂ ಇಲ್ಲ.

ತೊಂಬತ್ನಾಲ್ಕನೆಯ ಇಸವಿಯಲ್ಲಿ ಮುದ್ದಯ್ಯನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಒಪ್ಪಿಕೊಂಡ ನಾಟಕಕ್ಕೆ ಇಪ್ಪತ್ತೇ ದಿನ. ಚಿಕ್ಕಂದಿನಿಂದ ಅಪ್ಪನ ಬೆನ್ನ ಹಿಂದೆ ಕೂತು ಕಲಿತಿದ್ದ ಮಗಳು ಪೆಟ್ಟಿಗೆ ಹೊತ್ತುಕೊಂಡು ಹೋಗಿ ಕೂತರು. ಹೆಂಗಸಿನ ಕೈಲಿ ಪದ ಹೇಳಿಸಿಕೊಳ್ಳುವುದೇ ಎಂದು ಮೂರು ಜನ ಪಾರ್ಟು ಬಿಟ್ಟರು. ಉಳಿದ ಹನ್ನೊಂದು ಜನರಿಂದಲೇ ನಾಟಕ ಆಡಿಸಿದರು. ಗಂಡ ತೀರಿಕೊಂಡ ಮೇಲೆ ಮಗಳು ಸೌಮ್ಯಳನ್ನು ಹಾರ್ಮೋನಿಯಂ ಪಕ್ಕದಲ್ಲೇ ಮಲಗಿಸಿಕೊಂಡು ತಾಲೀಮು ನಡೆಸಿದ್ದೂ ಉಂಟು. ಆ ಕೂಸು ಈಗ ಮಳವಳ್ಳಿಯಲ್ಲಿ ಶಾಲಾ ಶಿಕ್ಷಕಿ, ಪೆಟ್ಟಿಗೆಯೂ ನುಡಿಸುತ್ತಾರೆ.

ಇಷ್ಟಾದರೂ ಹನ್ನೆರಡು ವರ್ಷ ನಾಟಕದ ಕರಪತ್ರದಲ್ಲಿ ಅವರ ಹೆಸರಿರಲಿಲ್ಲ. ‘ಹಾರ್ಮೋನಿಯಂ: ಮುದ್ದಯ್ಯನವರು’ ಎಂದೇ ಅಚ್ಚಾಗುತ್ತಿತ್ತು. ಮುದ್ದಯ್ಯ ತೀರಿಕೊಂಡು ನಾಲ್ಕು ವರ್ಷವಾದರೂ ಹಾಗೆಯೇ. “ಸತ್ತ ಮ್ಯಾಲೂ ನಮ್ಮಪ್ಪ ನಾಟ್ಕ ಆಡಿಸ್ತಾವ್ರೆ ಅನ್ಕಂಡು ನಗ್ತಿದ್ದೆ ಕಣಪ್ಪ.”

ಎಳನೀರು ಮಾರುಕಟ್ಟೆಗೆ ಅವರನ್ನು ಎಳೆತಂದ ಶಿವರಾಜು ಕೊತ್ತತ್ತಿಯವನು, ನಲವತ್ತೇಳು ವಯಸ್ಸು. ಹದಿನಾಲ್ಕು ವರ್ಷ ದೂತನ ಪಾರ್ಟು ಮಾಡಿ, ‘ಅಪ್ಪಣೆ ಮಹಾಪ್ರಭು’ ಎಂದು ಬಗ್ಗಿ ಬಗ್ಗಿಯೇ ಬಂದವನಿಗೆ ಈ ಸಲ ಯುದ್ಧದಲ್ಲಿ ಸೋತ ಅರಸನ ಪಾರ್ಟು ಸಿಕ್ಕಿತ್ತು. ತಾಲೀಮು ಅರ್ಧಕ್ಕೆ ಬಂದಾಗ ಗಂಟಲಲ್ಲಿ ಗಡ್ಡೆಯಾಗಿ ಆಪರೇಷನ್ ಆಯಿತು. ಜೀವಕ್ಕೆ ಅಪಾಯವಾಗಲಿಲ್ಲ, ಆದರೆ ಮೇಲಿನ ಸ್ವರಗಳೆಲ್ಲ ಹೊರಟುಹೋದವು. ಆ ಅರಸನಿಗೆ ಊರಲ್ಲಿ ಒಂದು ಖಾಯಂ ಹಾಡಿದೆ, ತಾರಕಕ್ಕೇರಿ ಅಲ್ಲೇ ನಿಲ್ಲುವಂಥದ್ದು. ಮೂವತ್ತು ವರ್ಷ ಅದನ್ನು ಹಾಡಿ ಹೆಸರು ಮಾಡಿದವರು ಮರಿಯಯ್ಯ. ಈಗ ಎಪ್ಪತ್ತೊಂದರ ಆ ಹಿರಿಯರು ತಾಲೀಮಿಗೆ ಬಂದು ಶಿವರಾಜುವಿನ ಒಡಕು ದನಿ ಕೇಳಿ ತಲೆಯಾಡಿಸಿದರು.

“ಪಾರ್ಟು ಬೇರೇರ್ಗೆ ಕೊಡವ್ವ. ಇಲ್ಲಾಂದ್ರೆ ನನ್ ಪದ ಮೊಬೈಲಲ್ಲಿ ರೆಕಾರ್ಡ್ ಮಾಡ್ಕಳಿ, ಇವ್ನು ಬಾಯಾಡಿಸ್ಲಿ.”

ತಂಡದವರಿಗೂ ಅದೇ ಸರಿ ಎನಿಸಿತು. ಶಿವರಾಜು ಎದ್ದು ಹೊರಟ. ಪಟ್ಟಲಮ್ಮ ಹಾರ್ಮೋನಿಯಂ ಮುಚ್ಚಿದರು.

“ಕುಂತ್ಕಳ್ಲಾ ಸಿವರಾಜ. ಮರಿಯಣ್ಣ, ನಿಮ್ ಪದ ಗೆದ್ದೋನ್ ದನೀಲಿ ಅದೆ. ಈ ಅರಸು ಸೋತವ್ನೆ. ಸೋತೋನ್ಗೆ ಅಷ್ಟು ಮ್ಯಾಕೆ ಕೂಗೋ ಸಕ್ತಿ ಎಲ್ಲೈತೆ? ಬಾಯಾಡಿಸೋ ಅರಸು ನಂಗೆ ಬ್ಯಾಡ. ಅಂಗೇನಾರಾ ಮಾಡೋದಾದ್ರೆ ನಾನು ಪೆಟ್ಗೆ ಎತ್ಕಂಡು ಓಯ್ತೀನಿ.”

ಮಾರನೆಯ ಬೆಳಿಗ್ಗೆಯೇ ಅವರು ಮದ್ದೂರಿಗೆ ಬಂದದ್ದು. ಎಣಿಸುವ ದನಿ ಎದೆಗಿಳಿದು ನಿಂತ ಮಟ್ಟವನ್ನು ಕಿವಿಯಲ್ಲಿಟ್ಟುಕೊಂಡು ಮನೆಗೆ ಹೋಗಿ, ಅಪ್ಪನ ಆರನೆಯ ಪುಸ್ತಕ ತೆಗೆದರು. ಅದರಲ್ಲಿ ಮುದ್ದಯ್ಯ ಬರೆದು ಯಾರಿಗೂ ಕೊಡದ ಒಂದು ಹಾಡಿತ್ತು. ಏರಿಳಿತ ಕಡಿಮೆ, ಚಪ್ಪಾಳೆಗೆಂದು ನಿಲ್ಲುವ ಜಾಗವೇ ಇಲ್ಲ. ಹಾಡುವ ಗಂಡಸರೆಲ್ಲ ಅದನ್ನು ಸಪ್ಪೆ ಎಂದು ದೂರವಿಟ್ಟಿದ್ದರು.

*ಗೆದ್ದವನ ಕೇಳಿದಿರಿ ಗೆದ್ದುದೇನೆಂದು,*
*ಸೋತವನ ಕೇಳಿರಯ್ಯ ಉಳಿದುದೇನೆಂದು.*

ಹದಿನೆಂಟು ದಿನ ಶಿವರಾಜು ಅದನ್ನು ಕಾಯಿ ಎಸೆಯುತ್ತಲೇ ಹಾಡಿ ಬಾಯಿಪಾಠ ಮಾಡಿದ. ಮಂಡ್ಯದ ಸಭಾಂಗಣದಲ್ಲಿ ಭಾನುವಾರ ಬೆಳಿಗ್ಗೆ ಹತ್ತೂವರೆಗೆ ನಾಟಕ ಶುರು. ಮಧ್ಯಾಹ್ನ ಎರಡರ ಹೊತ್ತಿಗೆ ಸೋತ ಅರಸ ರಂಗಕ್ಕೆ ಬಂದ. ಖಾಯಂ ಹಾಡಿಗೆ ಕಾದು ಕೂತಿದ್ದ ಜನ ಆಗಲೇ ಸೀಟಿ ಹೊಡೆಯುತ್ತಿದ್ದರು. ಶಿವರಾಜು ಕಿರೀಟ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಮೈಕಿನ ಮುಂದೆ ನಿಂತ. ಪಕ್ಕದ ಪರದೆಯ ಮರೆಯಿಂದ ಪಟ್ಟಲಮ್ಮ ಒಂದೇ ಸ್ವರ ಹಿಡಿದರು.

ಮೊದಲ ಸಾಲಿಗೆ ಸೀಟಿ ನಿಂತಿತು. ಎರಡನೆಯದಕ್ಕೆ ಇಡೀ ಸಭಾಂಗಣ ತಣ್ಣಗಾಯಿತು. ಅವನು ಗಂಟಲನ್ನು ಹಿಗ್ಗಿಸಲಿಲ್ಲ, ಕೈ ಬೀಸಲಿಲ್ಲ. ಮುಂದಿನ ಸಾಲಿನವರನ್ನು ಒಬ್ಬೊಬ್ಬರನ್ನಾಗಿ ನೋಡುತ್ತ, ಮನೆಯ ಜಗುಲಿಯ ಮೇಲೆ ಕೂತು ಹೇಳಿದಂತೆ ಹಾಡಿದ. ಒಡಕು ದನಿ ಒಡಕಾಗಿಯೇ ಉಳಿಯಿತು. ಹಾಡು ಮುಗಿದಾಗ ಚಪ್ಪಾಳೆ ಬೀಳಲಿಲ್ಲ.

“ಮುಗೀತು, ನನ್ ಮೊಂಡಾಟದಿಂದ ಒಬ್ಬ ಗಂಡಸು ಮಾನ ಕಳ್ಕಂಡ ಅನ್ಕಂಡೆ,” ಎಂದು ಪಟ್ಟಲಮ್ಮ ನೆನೆಯುತ್ತಾರೆ.

ಆಗ ಮುಂದಿನ ಸಾಲಿನಲ್ಲಿ ಒಬ್ಬರು ಎದ್ದು ನಿಂತರು. ಮರಿಯಯ್ಯ. ಹೆಗಲ ಟವಲಿನಿಂದ ಕಣ್ಣೊರೆಸಿಕೊಂಡು, ಎಪ್ಪತ್ತೊಂದರ ಗಂಟಲಲ್ಲಿ ಎಷ್ಟು ಶಕ್ತಿಯಿತ್ತೋ ಅಷ್ಟೂ ಸೇರಿಸಿ ಕೂಗಿದರು: “ಒನ್ಸ್ ಮೋರ್!”

ಕಟ್ಟೆಯೊಡೆದ ನಾಲೆಯಂತೆ ಇಡೀ ಸಭಾಂಗಣ ಅದನ್ನೇ ಕೂಗಿತು. ಶಿವರಾಜು ಮತ್ತೆ ಹಾಡಿದ, ಮೂರನೆಯ ಸಲವೂ ಹಾಡಿದ. ಕೊನೆಯ ಸಲ ಜನರೇ ಎರಡನೆಯ ಸಾಲಿಗೆ ದನಿ ಸೇರಿಸಿದರು. ಹಾರ ಹಾಕಲು ಬಂದವರನ್ನು ತಡೆದು ಮರಿಯಯ್ಯ ರಂಗದ ಮೇಲೆ ಹತ್ತಿದರು. ಪರದೆ ಸರಿಸಿ, ಕೈ ಹಿಡಿದು ಪಟ್ಟಲಮ್ಮನನ್ನು ಬೆಳಕಿಗೆ ಕರೆತಂದರು.

“ನಾನು ಮೂವತ್ತು ವರ್ಸ ಗಂಟ್ಲು ತೋರಿಸ್ದೆ,” ಎಂದರು ಮೈಕಿನಲ್ಲಿ. “ಈ ತಾಯಿ ಇವತ್ತು ಅರಸನ್ನ ತೋರಿಸವ್ಳೆ. ಆರ ಇವ್ಳಿಗೆ ಆಕ್ರಪ್ಪ.”

ಆಮೇಲೆ ಕೊತ್ತತ್ತಿ ಸುತ್ತಿನ ಐದು ಊರುಗಳು ಪಟ್ಟಲಮ್ಮನನ್ನು ಕರೆದಿವೆ. ಕಾಯಿ ಎಣಿಸುವ ಶಿವರಾಜುವನ್ನು ಮಾರುಕಟ್ಟೆಯಲ್ಲಿ ಈಗ ‘ಅರಸು’ ಎಂದೇ ಕೂಗುತ್ತಾರೆ. ಮಳವಳ್ಳಿ ಕಡೆಯ ತಂಡದ ಪಾತ್ರಧಾರಿಯೊಬ್ಬ ಶಿವರಾಜುವಿಗೆ ಕೊಟ್ಟ ಪದವೇ ಬೇಕೆಂದು ಬಂದ. ಮೇಷ್ಟ್ರಮ್ಮ ಕೊಡಲಿಲ್ಲ. “ಅವುನ್ ಅಂಗಿ ನಿಂಗ್ ಯಾಕ್ಲಾ? ಮದ್ಲು ನೀನು ಮಾತಾಡು, ಕೇಳನ,” ಎಂದು ಕೂರಿಸಿಕೊಂಡರು.

ಅವರಿಗೊಂದು ಆಸೆಯಿದೆ. ಕೇಳಿದರೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಾರೆ.

“ಮೂವತ್ತೊಂದು ವರ್ಸದಿಂದ ಪಕ್ಕದಲ್ಲಿ ಕುಂತ್ಕಂಡು ಅವರ ಕಿವಿ, ಬೆನ್ನು ಇಷ್ಟೇ ನೋಡಿರೋದು. ಪದ ಏಳೋವಾಗ ಅವರ ಮುಖ ಎಂಗಾಯ್ತದೆ ಅಂತ ನಂಗ್ ಗೊತ್ತಿಲ್ಲ. ಒಂದ್ ದಿನ ನಮ್ ಸೌಮ್ಯ ಪೆಟ್ಗೆ ನುಡಿಸ್ಲಿ, ನಾನು ಮುಂದ್ಗಡೆ ಕುರ್ಚೀಲಿ ಕುಂತ್ಕತೀನಿ. ಒಬ್ಬ ಗಂಡಸು ನನ್ ಮುಖ ನೋಡ್ಕಂಡು ಪದ ಏಳ್ಲಿ. ಆದ್ರೆ ಶ್ರುತಿ ತಪ್ಪಿದ್ರೆ, ಎಂಥ ಅರಸಾದ್ರೂ ನಾನ್ ಒನ್ಸ್ ಮೋರ್ ಅನ್ನಾಕಿಲ್ಲ, ಬುಡಿ.”