ನಿಂಗಮ್ಮನ ಆರು ಕಡ್ಡಿ

ಮಧುಗಿರಿಯಲ್ಲಿ ಗಾಜಿನ ಅಂಗಡಿ ಇಟ್ಟುಕೊಂಡು, ಅಳೆಯುವ ಟೇಪು ಮಾತ್ರ ಇಟ್ಟುಕೊಳ್ಳದವಳು ನಿಂಗಮ್ಮ ಒಬ್ಬಳೇ. ಟೇಪಿನ ಬದಲು ಅವಳ ಗೋಡೆಯ ತುಂಬ ಪೊರಕೆಕಡ್ಡಿಯ ಕಂತೆಗಳು ನೇತಾಡುತ್ತಿದ್ದವು. ಹೊಸಬರು ಪೊರಕೆ ಅಂಗಡಿ ಎಂದುಕೊಂಡು ಬೆಲೆ ಕೇಳಿ, ಬೈಸಿಕೊಂಡು ಹೋಗುತ್ತಿದ್ದರು.

ಕಿಟಕಿಯಾಗಲಿ ಕಪಾಟಾಗಲಿ, ಅವಳೇ ಕಡ್ಡಿ ಹಿಡಿದು ಅಲ್ಲಿಗೆ ಹೋಗುತ್ತಿದ್ದಳು. ಕಡ್ಡಿಯನ್ನು ಜಾಗಕ್ಕೆ ಇಟ್ಟು, ಉಗುರಿನಲ್ಲಿ ಗುರುತು ಮಾಡಿ, ಹಲ್ಲಿನಲ್ಲಿ ಕಚ್ಚಿ ಮುರಿದರೆ ಅಳತೆ ಮುಗಿಯಿತು. ಓದು ಬರಹ ಬಾರದ್ದರಿಂದ ಪ್ರತಿ ಕಂತೆಗೂ ಆಯಾ ಮನೆಯದೇ ಏನಾದರೊಂದು ಚೂರು ಕಟ್ಟುತ್ತಿದ್ದಳು. ದರ್ಜಿಯ ಕಂತೆಗೆ ಬಟ್ಟೆಯ ತುಂಡು, ಬೇಕರಿಯದಕ್ಕೆ ಬಿಸ್ಕತ್ತಿನ ಕಾಗದ, ಒಬ್ಬ ವಕೀಲರದಕ್ಕೆ ಕಪ್ಪು ಕೋಟಿನ ಗುಂಡಿ. ವಕೀಲರು ಆ ಗುಂಡಿಯನ್ನು ಇನ್ನೂ ಹುಡುಕುತ್ತಿರಬಹುದು.

ಗಿರಾಕಿ ಚೌಕಾಸಿಗೆ ಇಳಿದರೆ ಅವಳು ಬಾಯಿ ಮುಚ್ಚಿಕೊಂಡು ಒರೆಸಿದ ಗಾಜನ್ನೇ ಮತ್ತೆ ಒರೆಸುತ್ತ ಕೂರುತ್ತಿದ್ದಳು. ಅವನು ಸುಸ್ತಾದ ಮೇಲೆ ಒಂದೇ ಪ್ರಶ್ನೆ: “ಬೆಲೆ ಕಮ್ಮಿ ಮಾಡ್ಲಾ, ಗಾಜು ಕಮ್ಮಿ ಮಾಡ್ಲಾ?” ನಾನು ಬಡವನಹಳ್ಳಿಯಲ್ಲಿ ಪಂಪ್‌ಸೆಟ್ಟಿನ ಬಿಡಿಭಾಗ ಮಾರಿ ಮಧುಗಿರಿಯಲ್ಲಿ ಮನೆ ಕಟ್ಟಿಸಿದವನು. ಇಂಥ ಮಾತಿಗೆಲ್ಲ ಬಗ್ಗುವ ಆಸಾಮಿಯಲ್ಲ.

ನನ್ನನ್ನು ಅವಳ ಅಂಗಡಿಗೆ ಎಳೆದು ತಂದದ್ದು ಒಂದು ಮೀನು. ನನ್ನ ಹೆಂಡತಿ ಮಂಗಳಾ ಮೊಣಕಾಲಿನ ಆಪರೇಷನ್ ಆಗಿ ಕುರ್ಚಿ ಹಿಡಿದಿದ್ದಳು. ಅವಳಿಗೆ ಹೊತ್ತು ಹೋಗಲೆಂದು ತುಮಕೂರಿನಿಂದ ಒಂದೂವರೆ ಅಡಿಯ ಗಾಜಿನ ತೊಟ್ಟಿಯನ್ನೂ ಎರಡು ಕೆಂಪು ಮೀನನ್ನೂ ತಂದೆ. ತೊಟ್ಟಿ ಮಾರುವವನನ್ನು ಎಷ್ಟು ಹಿಂಡಿದೆನೆಂದರೆ, ಮುಚ್ಚಳ ಬಿಟ್ಟರೆ ಈ ಬೆಲೆಗೆ ಕೊಡುತ್ತೇನೆ ಎಂದು ಅವನೇ ಸೋತ. ನೀರಿನಲ್ಲಿರುವ ಮೀನಿಗೆ ಮುಚ್ಚಳವೇಕೆ, ಉಕ್ಕಲು ಅದೇನು ಹಾಲೇ ಎಂದು ನಾನೂ ಒಪ್ಪಿದೆ. ಮೂರನೇ ದಿನ ಮನೆಯಲ್ಲಿ ಬೇರೆ ಯಾರೂ ಇಲ್ಲದಾಗ ಒಂದು ಮೀನು ಹಾರಿ ನೆಲಕ್ಕೆ ಬಿತ್ತು. ಎದ್ದು ಹೋಗಲಾಗದ ಮಂಗಳಾ ಅದು ಒದ್ದಾಡಿ ಸಾಯುವವರೆಗೂ ಕೂತಲ್ಲಿಂದಲೇ ನೋಡಿದಳು.

ನಾನು ಬಂದ ಮೇಲೆ ಉಳಿದ ಮೀನಿಗೆ ಮೊರ ಮುಚ್ಚಿಸಿದಳು. “ಇದೂ ಹೋದ್ರೆ ಈ ಮನೆಗೆ ಇನ್ನೊಂದು ಜೀವ ತರಬೇಡಿ,” ಎಂದಳು. ದನಿ ಏರಿಸಲಿಲ್ಲ. ಮೂವತ್ತು ವರ್ಷದ ಸಂಸಾರದಲ್ಲಿ ನಾನು ಹೆದರುವುದು ಆ ಏರದ ದನಿಗೇ.

ತೊಟ್ಟಿಯ ಬಾಯೊಳಗೆ ನಾಲ್ಕು ಮೂಲೆಗೆ ಗಾಜಿನ ಚೂರು ಅಂಟಿಸಿರುತ್ತಾರೆ, ಮುಚ್ಚಳ ಅದರ ಮೇಲೆ ಕೂರಬೇಕು. ಉದ್ದ ಒಂದು ಸಲ, ಅಗಲ ಒಂದು ಸಲ ಅಳೆದುಕೊಂಡು ನಿಂಗಮ್ಮನ ಹತ್ತಿರ ಹೋದೆ. ತೊಟ್ಟಿ ನೋಡದೆ ಕೊಯ್ಯುವುದಿಲ್ಲ ಎಂದಳು. ನಾಲ್ಕು ಮೂಲೆಯ ಡಬ್ಬದಲ್ಲಿ ನೋಡುವುದೇನಿದೆ ಎಂದು ನಾನು ಅರ್ಧ ಗಂಟೆ ಬುದ್ಧಿ ಹೇಳಿದೆ. ಅಷ್ಟರಲ್ಲಿ ಒಂದೇ ಗಾಜು ಏಳು ಸಲ ಒರೆಸಿಸಿಕೊಂಡಿತ್ತು. “ನಿನ್ನಿಷ್ಟ ಕಣಪ್ಪ. ಗುರುತೂ ನೀನೇ ಹಾಕ್ಬುಡು,” ಎಂದಳು. ನನ್ನ ಟೇಪಿನಿಂದ ನಾನೇ ಗುರುತು ಹಾಕಿದೆ, ಅವಳು ಗೀರೆಳೆದು ಮುರಿದುಕೊಟ್ಟಳು. ಗೆದ್ದೆ ಎಂದುಕೊಂಡೇ ಮನೆಗೆ ಬಂದೆ.

ಮುಚ್ಚಳ ಒಂದು ಕಡೆ ಅಂದವಾಗಿ ಕೂತಿತು. ಇನ್ನೊಂದು ಕಡೆ ಚೂರಿನಿಂದ ಜಾರಿ ಸೀದಾ ನೀರಿಗೆ ಇಳಿಯಿತು. ಮೀನು ತಳದ ಕಲ್ಲಿನ ಸಂದಿಗೆ ನುಗ್ಗಿ ಬದುಕಿಕೊಂಡಿತು. ಮಂಗಳಾ ಮೊರದ ಕಡೆ ಬೆರಳು ತೋರಿಸಿದಳು.

ಮರುದಿನ ಕರೆಯಲು ಹೋದಾಗ ನಿಂಗಮ್ಮ ಯಾಕೆ ಎಂದು ಕೇಳಲಿಲ್ಲ, ಆಗಲೇ ಕಡ್ಡಿ ಕೈಯಲ್ಲಿತ್ತು. ಮನೆಗೆ ಬಂದು ತೊಟ್ಟಿಯ ಬಾಯಿ ಸುತ್ತ ನಾಲ್ಕು ಕಡ್ಡಿ ಇಟ್ಟಳು, ಮೂಲೆಯಿಂದ ಮೂಲೆಗೆ ಎರಡು. ಆಮೇಲೆ ಎದುರುಬದುರಿನ ಕಡ್ಡಿಗಳನ್ನು ಜೋಡಿ ಮಾಡಿ ನನ್ನ ಮೂಗಿನ ಮುಂದೆ ಹಿಡಿದಳು. ಒಂದು ಜೋಡಿಯೂ ಸಮ ಇರಲಿಲ್ಲ.

“ತೊಟ್ಟಿ ಸೊಟ್ಟ ಐತೆ. ಬಲೇ ಅಗ್ಗಕ್ಕೆ ತಂದ್ಯೇನಪ್ಪ?”

“ಅಗ್ಗ ಏನಿಲ್ಲ,” ಎಂದೆ.

“ಮುಚ್ಚಳಾನೂ ಅಲ್ಲೇ ಬಿಟ್ಟು ಬಂದವ್ರೆ,” ಎಂದು ಮಂಗಳಾ ಕುರ್ಚಿಯಿಂದ ಸಾಕ್ಷಿ ನುಡಿದಳು.

ನಿಂಗಮ್ಮ ನಗಲಿಲ್ಲ. “ತೊಟ್ಟಿ ಮಾರಿದವ್ನು ಬೆಲೆ ಕಮ್ಮಿ ಮಾಡಿಲ್ಲ ಕಣಮ್ಮ, ಗಾಜು ಕಮ್ಮಿ ಮಾಡವ್ನೆ,” ಎಂದವಳೇ ನಮ್ಮ ಮೊರದ ಅಂಚಿನಿಂದ ಒಂದು ಬಿದಿರಿನ ಸೀಳು ಮುರಿದು, ಆರು ಕಡ್ಡಿಗೆ ಕಟ್ಟಿಕೊಂಡು ಹೋದಳು.

ಸಂಜೆ ತಂದ ಮುಚ್ಚಳ ಸದ್ದಿಲ್ಲದೆ ಕೂತಿತು. ಒಂದು ಮೂಲೆಯಲ್ಲಿ ಎರಡು ಬೆರಳು ಹೋಗುವಷ್ಟು ಗಾಜು ಕೊಯ್ದು ತೆಗೆದಿದ್ದಳು. ತುಂಡಾದ ಮಾಲು ತಂದಿದ್ದಾಳೆ, ಇದರ ಬೆಲೆಯಲ್ಲಿ ಏನಾದರೂ ಬಿಡಿಸಬಹುದು ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ, ಮಂಗಳಾ ಕೂತಲ್ಲಿಂದಲೇ ಕೈ ಚಾಚಿ ಆ ಮೂಲೆಯಿಂದ ಮೀನಿಗೆ ಕಾಳು ಹಾಕಿದಳು. ಕುರ್ಚಿ ಯಾವ ಕಡೆ ಇರುತ್ತದೆಂದು ನಾನು ಹೇಳಿರಲಿಲ್ಲ. ತೆರೆದ ಬಾಯನ್ನು ಕಾಫಿ ಕುಡಿಯಲು ಬಳಸಿಕೊಂಡೆ.

ಮೀನು ಸಾಕುವವರಿಗೆ ಪುಕ್ಕಟೆ ಸಲಹೆ: ಮುಚ್ಚಳದ ಮೇಲೆ ಬೋರ್‌ವೆಲ್ಲಿನ ವಾಲ್ವ್ ಇಡಬೇಡಿ. ಈ ವರ್ಷ ನಾನು ಇಟ್ಟೆ. ಮೀನಿಗೇನೂ ಆಗಲಿಲ್ಲ, ಮುಚ್ಚಳ ಎರಡಾಯಿತು. ಮತ್ತೆ ಮೊರ ಮುಚ್ಚಿ ಅಂಗಡಿಗೆ ಓಡಿದರೆ, ಅಲ್ಲಿ ನಿಂಗಮ್ಮನ ಅಣ್ಣನ ಮಗ ಕೂತಿದ್ದ. ಕೈಯಲ್ಲಿ ಕೆಂಪು ಬೆಳಕು ಬಿಟ್ಟು ಅಳೆಯುವ ಯಂತ್ರ. ಅತ್ತೆ ಹಳ್ಳಿಯಲ್ಲಿ, ದೊಡ್ಡೇರಿಯ ಮನೆಯಲ್ಲಿ ತೀರಿಕೊಂಡು ಎರಡು ತಿಂಗಳಾಯಿತು ಎಂದ. ಗಾಜು ಒಡೆದಾಗ ಮಾತ್ರ ಅವಳನ್ನು ನೆನೆಯುವವನಿಗೆ ಯಾರು ಬಂದು ಹೇಳಿಯಾರು?

ಗೋಡೆಗೆ ಸುಣ್ಣ ಬಳಿದಾಗಿತ್ತು. ಕಂತೆಗಳೆಲ್ಲ ಒಲೆಗೆ ಹಾಕಲೆಂದು ಒಂದು ಚೀಲದಲ್ಲಿದ್ದವು. ಗುಂಡಿ, ಬಟ್ಟೆ, ಕಾಗದ ಎಲ್ಲ ಸರಿಸಿ ಬಿದಿರಿನ ಸೀಳು ಕಟ್ಟಿದ ಕಂತೆ ಹುಡುಕಿ ತೆಗೆದೆ. ಅವನು ಕಡ್ಡಿಗಳನ್ನು ಟೇಬಲ್ ಮೇಲೆ ಹರಡಿ ನಕ್ಕ.

“ಅತ್ತೆ ತಪ್ಪಳತೆ ತಗಂಡವ್ಳೆ ಸಾರ್, ಎರಡು ಕಡೆ ಸಮ ಇಲ್ಲ. ನಾನು ಸರಿ ಮಾಡಿ ಕೊಯ್ತೀನಿ. ಬೆಲೆನೂ ಕಮ್ಮಿ ಮಾಡ್ಕೊಡ್ತೀನಿ.”

“ಏನೂ ಕಮ್ಮಿ ಮಾಡ್ಬೇಡ ಕಣಯ್ಯ,” ಎಂದೆ. “ನಮ್ಮ ತೊಟ್ಟಿ ಸೊಟ್ಟ ಐತೆ. ಕಡ್ಡಿ ನೆಟ್ಟಗವೆ.”

ಮುಚ್ಚಳ ಸದ್ದಿಲ್ಲದೆ ಕೂತಿತು. ಕಡ್ಡಿಯ ಕಂತೆ ಈಗ ನಮ್ಮ ಮನೆಯ ಮೊಳೆಗೆ ನೇತಾಡುತ್ತಿದೆ. ಮೊರದ ಅಂಚಿನಲ್ಲಿ ನಿಂಗಮ್ಮ ಮುರಿದ ಜಾಗವೂ ಹಾಗೇ ಇದೆ, ಮಂಗಳಾ ಅಕ್ಕಿ ಕೇರುವಾಗಲೆಲ್ಲ ಅಲ್ಲಿಂದ ನಾಲ್ಕು ಕಾಳು ಉದುರುತ್ತವೆ. ಹೊಸ ಮೊರ ತರುತ್ತೇನೆ ಎಂದರೆ ಬೇಡ ಅನ್ನುತ್ತಾಳೆ. ನಾನು ತರುವುದಂತೂ ಬೇಡವೇ ಬೇಡವಂತೆ.