ಪಾರ್ಕಿಂಗ್ ಬಯಲಿನಲ್ಲಿ ಗೌರಿಯ ಬಾಗಿನ

ನಾಗಪುರದಲ್ಲಿ ನೆಲೆಸಿದ ಮೇಲೆ ನಗರದ ಹೊರವಲಯದ ಮನರಂಜನಾ ಉದ್ಯಾನಗಳಿಗೂ ಅವುಗಳಿಗೆ ಅಂಟಿಕೊಂಡ ರೆಸಾರ್ಟುಗಳಿಗೂ ನಾನು ಹಲವು ಬಾರಿ ಹೋಗಿದ್ದೇನೆ. ಒಂದು ರಾತ್ರಿಯೂ ಅಲ್ಲಿ ತಂಗಿಲ್ಲ; ಒಂದು ತುತ್ತೂ ಅಲ್ಲಿ ಉಂಡಿಲ್ಲ. ಬಂಧುಗಳು ದೂರದ ಊರುಗಳಿಂದ ಬಂದು ಅಲ್ಲಿ ಇಳಿದುಕೊಳ್ಳುತ್ತಾರೆ. ಮಕ್ಕಳಿಗೆ ನೀರಿನಾಟ ಬೇಕು, ದೊಡ್ಡವರಿಗೆ ತಣ್ಣನೆಯ ಕೋಣೆ ಬೇಕು. ನಮ್ಮ ಮನೆಯವರೆಗೆ ಬರುವಷ್ಟು ವ್ಯವಧಾನ ಅವರಿಗಿರುವುದಿಲ್ಲ. ಅದಕ್ಕಾಗಿ ಮುನಿಸಿಕೊಳ್ಳುವ ಕಾಲ ನನಗೆ ಮುಗಿದಿದೆ. ಹಿರಿಯನಾದವನು ಕಿರಿಯರಿದ್ದಲ್ಲಿಗೆ ಹೋಗಿ ಹರಸಿ ಬಂದರೆ ಹಿರಿತನಕ್ಕೆ ಕುಂದೇನೂ ಇಲ್ಲ.

ಹೀಗೆ ಹೋಗಿಬರುವುದಕ್ಕೆ ನಾನೊಂದು ಕ್ರಮವನ್ನು ರೂಢಿಸಿಕೊಂಡಿದ್ದೇನೆ. ವಾಹನವನ್ನು ಬಾಗಿಲಿನವರು ತೋರಿಸಿದ ಸ್ಥಳದಲ್ಲಿಯೇ ನಿಲ್ಲಿಸಬೇಕು, ಅದು ಎಷ್ಟು ದೂರವಾದರೂ ಸರಿ. ಯಾರನ್ನು ಕಾಣಲು ಬಂದಿದ್ದೇವೆ, ಅವರು ನಮಗೇನಾಗಬೇಕು ಎಂಬುದನ್ನು ಕೇಳುವ ಮೊದಲೇ ಹೇಳಬೇಕು. ಕುಡಿಯುವ ನೀರನ್ನು ಮನೆಯಿಂದಲೇ ಒಯ್ಯಬೇಕು. ಬಾಲ್ಯದಲ್ಲಿ ಸಂಸ್ಕೃತ ಪಾಠಶಾಲೆಯಲ್ಲಿ ಓದಿ, ಆಮೇಲೆ ಸಿವಿಲ್ ಲೈನ್ಸಿನ ಸರ್ಕಾರಿ ಕಚೇರಿಯೊಂದರಲ್ಲಿ ಬಾಳೆಲ್ಲ ಕಳೆದವನಿಗೆ ನಿಯಮಗಳೆಂದರೆ ಹೆದರಿಕೆಯಿಲ್ಲ. ಶಾಸ್ತ್ರದ ನಿಯಮವಾಗಲಿ, ಕಚೇರಿಯ ನಿಯಮವಾಗಲಿ, ಅದರ ಎದುರು ನೇರವಾಗಿ ನಿಂತವನಿಗೆ ಅದು ದಾರಿ ಬಿಡುತ್ತದೆಂದು ನಾನು ಬಲ್ಲೆ.

ನನ್ನ ತಂಗಿ ಗಂಡನೊಡನೆ ರಾಯಪುರದಲ್ಲಿ ಮಗನ ಮನೆಯಲ್ಲಿದ್ದಾಳೆ. ತಂದೆ ತಾಯಿ ತೀರಿಕೊಂಡ ಮೇಲೆ ಅವಳಿಗೆ ತವರೆಂದರೆ ನಾನು, ನನ್ನ ಹೆಂಡತಿ. ಪ್ರತಿ ವರ್ಷ ಗೌರಿ ಹಬ್ಬಕ್ಕೆ ಹೇಗಾದರೂ ಅವಳಿಗೆ ಬಾಗಿನ ಮುಟ್ಟಿಸುತ್ತಿದ್ದೆವು. ಹೋದ ವರ್ಷ ಹಬ್ಬದ ಹೊತ್ತಿಗೆ ನನ್ನ ಹೆಂಡತಿ ಆಸ್ಪತ್ರೆಯ ಮಂಚದ ಮೇಲಿದ್ದಳು. ಬಾಗಿನ ತಪ್ಪಿಹೋಯಿತು. ತಂಗಿ ಆ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಹೆಂಡತಿ ಮಾತ್ರ ಮರೆಯಲಿಲ್ಲ. ಮನೆಗೆ ಬಂದು, ಗೋಡೆ ಹಿಡಿದು ನಡೆಯುವುದನ್ನು ಬಿಟ್ಟ ದಿನದಿಂದಲೇ, “ಈ ಸಲ ನನ್ನ ಕೈಯಾರೆ ಅವಳ ಕೈಗೆ ಕೊಡಬೇಕು” ಎನ್ನುತ್ತಿದ್ದಳು.

ಈ ವರ್ಷ ಹಬ್ಬಕ್ಕೆ ಮುಂಚೆ ತಂಗಿ ಫೋನು ಮಾಡಿದಳು. ಮಗನ ಕಂಪನಿಯವರು ಎಲ್ಲ ಸಂಸಾರಗಳನ್ನೂ ಬಸ್ಸಿನಲ್ಲಿ ಕರೆತಂದು ನಾಗಪುರದ ಹತ್ತಿರದ ಕಳಮೇಶ್ವರದ ಆಚೆಯ ಒಂದು ರೆಸಾರ್ಟಿನಲ್ಲಿ ಇಳಿಸುತ್ತಾರಂತೆ. ಗೌರಿ ಹಬ್ಬದ ಮಧ್ಯಾಹ್ನ ಊಟವಾದ ಕೂಡಲೆ ಹಿಂದಿರುಗುತ್ತಾರಂತೆ, ಮರುದಿನ ಮನೆಯಲ್ಲಿ ಗಣಪತಿಯನ್ನು ಕೂರಿಸಬೇಕಲ್ಲ. ಅದರ ಸಿದ್ಧತೆಗೆಂದು ಅವಳ ಗಂಡ ರಾಯಪುರದಲ್ಲಿಯೇ ಉಳಿಯುತ್ತಾರಂತೆ.

“ನಿಮ್ಮನೆಗೆ ಬರೋಕೆ ಆಗಲ್ಲ ಅಣ್ಣಯ್ಯ. ಬಸ್ಸು ನಮ್ಮ ಕೈಲಿಲ್ಲ” ಎಂದಳು.

ಪಕ್ಕದಲ್ಲಿದ್ದ ಹೆಂಡತಿ ಫೋನು ಇಸಿದುಕೊಂಡು, “ನೀನ್ಯಾಕೆ ಬರಬೇಕು? ಬಾಗಿನ ತರೋದು ತವರಿನವರ ಕೆಲಸ. ನಾವೇ ಬರ್ತೀವಿ” ಎಂದಳು.

ಹಬ್ಬದ ಬೆಳಗ್ಗೆ ಗೌರೀಪೂಜೆ ಮುಗಿಸಿ, ಪೂಜೆಗಿಟ್ಟಿದ್ದ ಬಾಗಿನವನ್ನು ಅವಳೇ ಎತ್ತಿಕೊಂಡಳು. ಅರಿಶಿನ ಬಳಿದ ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ಬಳೆ, ಬಾಚಣಿಗೆ, ಕನ್ನಡಿ, ರವಿಕೆಯ ಕಣ. ಅದರ ಮೇಲೆ ಇನ್ನೊಂದು ಮೊರವನ್ನು ಕವುಚಿ ದಾರ ಸುತ್ತಿದ್ದಳು. ಕಟ್ಟಿದ ದಾರವನ್ನು ಬಾಗಿನ ಪಡೆದವಳೇ ಬಿಚ್ಚಬೇಕು. ಅದು ಕೈಸೇರುವವರೆಗೆ ಕೊಡುವವಳು ಊಟ ಮಾಡುವುದಿಲ್ಲವೆಂಬುದು ನಮ್ಮ ಮನೆಯ ಪದ್ಧತಿ. ಉಪವಾಸ ಕೂಡದೆಂದು ವೈದ್ಯರು ಹೇಳಿದ್ದರು. ಒಂದು ಲೋಟ ಹಾಲನ್ನಾದರೂ ಕುಡಿ ಎಂದು ನಾನು ಹೇಳಿದೆ. ಅವಳು ಕಾರಿನ ಹಿಂದಿನ ಸೀಟಿನಲ್ಲಿ ಕುಳಿತು ಮೊರವನ್ನು ಮಡಿಲಲ್ಲಿಟ್ಟುಕೊಂಡು, “ಹೊರಡೋಣ” ಎಂದಳು. ಬ್ಯಾಂಕಿನಲ್ಲಿ ಕೆಲಸ ಮಾಡುವ ನಮ್ಮ ಮೊಮ್ಮಗಳು ಕಾರನ್ನು ನಡೆಸುತ್ತಿದ್ದಳು. ಭಾದ್ರಪದದ ಮೋಡ ಕಟ್ಟಿತ್ತು, ಮಳೆಯಿರಲಿಲ್ಲ.

ರೆಸಾರ್ಟಿನ ಹೆಬ್ಬಾಗಿಲಲ್ಲಿ ಸಮವಸ್ತ್ರ ತೊಟ್ಟ ನಡುವಯಸ್ಸಿನ ಹೆಂಗಸೊಬ್ಬಳು ಕಾವಲಿಗಿದ್ದಳು. “ಆಜೋಬಾ, ರೂಮ್ ಬುಕಿಂಗ್ ಆಹೇ ಕಾ?” ಎಂದು ನನ್ನನ್ನು ಅಜ್ಜನೆಂದು ಕರೆದು ಮರಾಠಿಯಲ್ಲಿ ಕೇಳಿದಳು. ಇಲ್ಲವೆಂದೆ. ಪಾರ್ಕಿನ ಟಿಕೆಟ್ಟು? ಅದೂ ಇಲ್ಲವೆಂದೆ. ಹಾಗಾದರೆ ಊಟಕ್ಕೆ ಟೇಬಲ್ಲು ಕಾದಿರಿಸಿದ್ದೀರಾ ಎಂದಳು. ಈ ಮೂರರಲ್ಲಿ ಒಂದಿಲ್ಲದೆ ವಾಹನ ಒಳಗೆ ಹೋಗುವಂತಿರಲಿಲ್ಲ.

ಮೊಮ್ಮಗಳು ನನ್ನತ್ತ ಬಾಗಿ ಮೆಲ್ಲನೆ ಹೇಳಿದಳು: “ತಾತ, ಟೇಬಲ್ ಬುಕ್ ಮಾಡಿಬಿಡ್ತೀನಿ. ಫೋನಲ್ಲೇ ಆಗುತ್ತೆ. ಗಾಡಿ ಸೀದಾ ಒಳಗೆ. ಆಮೇಲೆ ಕ್ಯಾನ್ಸಲ್ ಮಾಡಿದ್ರಾಯ್ತು. ಕುಣಾಲಾ ಕಳಣಾರ್ ಪಣ್ ನಾಹೀ.” ಯಾರಿಗೂ ತಿಳಿಯುವುದೇ ಇಲ್ಲವೆಂಬುದನ್ನು ಮಾತ್ರ ಅವಳು ಮರಾಠಿಯಲ್ಲಿ ಹೇಳಿದಳು.

“ನಮಗೆ ತಿಳಿಯುತ್ತಲ್ಲಮ್ಮ” ಎಂದೆ.

ಹಿಂದಿನಿಂದ ಹೆಂಡತಿ, “ಉಣ್ಣದ ಊಟಕ್ಕೆ ಎಲೆ ಹಾಕಿಸ್ತಾರಾ ಯಾರಾದ್ರೂ? ಗೌರಿ ಮಡಿಲಲ್ಲಿ ಕೂತಿದ್ದಾಳೆ, ಸುಳ್ಳು ಹೇಳಿಸಬೇಡ” ಎಂದಳು.

“ಜಲ್ದಿ ಹೇಳಿ ಅಜ್ಜಿ, ಹಿಂದೆ ಗಾಡಿ ನಿಂತಿದೆ. ಹಾರನ್ ಹೊಡೀತಾನೆ ಈಗ.”

ನಾನು ಕಾರಿನಿಂದಿಳಿದು ಕಾವಲಿನವಳಿಗೆ ಇದ್ದುದನ್ನು ಇದ್ದಂತೆಯೇ ಹೇಳಿದೆ. ಒಳಗೆ ನನ್ನ ತಂಗಿ ತಂಗಿದ್ದಾಳೆ. ನಾವು ಇಲ್ಲಿ ಉಣ್ಣುವುದಿಲ್ಲ, ಆಡುವುದಿಲ್ಲ, ಉಳಿಯುವುದಿಲ್ಲ. ಹಬ್ಬದ ಬಾಗಿನ ಕೊಟ್ಟು ಹಿಂದಿರುಗುತ್ತೇವೆ. ಅವಳು ತುಸು ಯೋಚಿಸಿ ಸ್ವಾಗತ ಕಕ್ಷೆಗೆ ಫೋನು ಮಾಡಿದಳು. ತಂಗಿದವರನ್ನು ಕಾಣಲು ಬಂದವರು ಸ್ವಾಗತ ಕಕ್ಷೆಯವರೆಗೆ ನಡೆದು ಹೋಗಬಹುದು. ವಾಹನ ಮಾತ್ರ ರಸ್ತೆಯಾಚೆ, ಬಸ್ಸುಗಳು ನಿಲ್ಲುವ ಬಯಲಿನಲ್ಲಿರಬೇಕು. ನನಗೆ ಅಷ್ಟೇ ಸಾಕಾಗಿತ್ತು.

ಕಾರನ್ನು ಎರಡು ಬಸ್ಸುಗಳ ನಡುವೆ ನಿಲ್ಲಿಸಿದ ಮೇಲೆ ಇನ್ನೊಂದು ತೊಡಕು ಎದ್ದಿತು. ನಮ್ಮ ಹಿಂದೆಯೇ ಬಂದ ಕಾವಲಿನವಳು ಹೆಂಡತಿಯ ಮಡಿಲಿನ ಮೊರವನ್ನು ನೋಡಿ, ಹೊರಗಿನ ತಿನಿಸನ್ನು ಒಳಗೆ ಬಿಡುವುದಿಲ್ಲ, ದಾರ ಬಿಚ್ಚಿ ತೋರಿಸಬೇಕು ಎಂದಳು. ಹೆಂಡತಿ ಎರಡು ಕೈಯನ್ನೂ ಮೊರದ ಮೇಲಿಟ್ಟು, “ನಾಹೀ ಬಾಈ, ಇದನ್ನ ನಾನು ಬಿಚ್ಚೋ ಹಾಗಿಲ್ಲ” ಎಂದು ಎರಡು ಭಾಷೆಗಳನ್ನು ಬೆರೆಸಿ ಹೇಳಿದಳು. ಆ ಹೆಂಗಸು ಬಿರುಸಿನವಳಲ್ಲ. ಹಾಗಿದ್ದರೆ ನಿಮ್ಮ ತಂಗಿಯನ್ನೇ ಹೊರಗೆ ಕರೆತನ್ನಿ ಎಂದು ನನಗೆ ಹೇಳಿ ಬಾಗಿಲಿಗೆ ಹಿಂದಿರುಗಿದಳು. ತಂಗಿಯ ಫೋನು ಬಡಿದುಕೊಂಡು ನಿಂತಿತು. ಅವಳ ಮಗನದೂ ಹಾಗೆಯೇ.

“ನೀವು ಹೋಗಿ ಕರ್ಕೊಂಡು ಬನ್ನಿ” ಎಂದಳು ಹೆಂಡತಿ. ಹಣೆಯಲ್ಲಿ ಬೆವರು ಮೂಡಿತ್ತು. ಸೂರ್ಯ ನೆತ್ತಿಯ ಸಮೀಪದಲ್ಲಿದ್ದ. ನಾನು ಮೊಮ್ಮಗಳಿಗೆ ಕಣ್ಣಿನಲ್ಲಿಯೇ ಅಜ್ಜಿಯನ್ನು ನೋಡಿಕೊ ಎಂದು ಸೂಚಿಸಿ ನಡೆದೆ.

ಸ್ವಾಗತ ಕಕ್ಷೆಯ ಹಿಂಬದಿಯಲ್ಲಿ ಒಂದು ಕಟಕಟೆಯಿದೆ. ಅಲ್ಲಿ ನಿಂತರೆ ಕೆಳಗೆ ಅಲೆಯ ಕೊಳ ಕಾಣುತ್ತದೆ. ಇದ್ದಕ್ಕಿದ್ದಂತೆ ಒಂದು ಸೈರನ್ನು ಕೂಗಿತು. ಅತ್ತ ಗೋಡೆಯ ಬುಡದಿಂದ ನೀರು ಉಬ್ಬಿ ಉಬ್ಬಿ ಬಂದು ನೂರಾರು ಜನರನ್ನು ಒಟ್ಟಿಗೆ ಎತ್ತಿ ಇಳಿಸಿತು. ಜನರೆಲ್ಲ ಕೂಗುತ್ತಿದ್ದರು. ಆ ಕೂಗಿನ ನಡುವೆ ಒಂದು ನಗು ನನಗೆ ಗುರುತು ಹತ್ತಿತು. ಮೊಣಕಾಲಿನ ಕೆಳಗಿನವರೆಗೆ ಬರುವ ಕಪ್ಪು ನೈಲಾನಿನ ಉಡುಪನ್ನು ತೊಟ್ಟು, ರಬ್ಬರಿನ ದೊಡ್ಡ ಬಳೆಯೊಂದರಲ್ಲಿ ಕುಳಿತು, ನನ್ನ ತಂಗಿ ಅಲೆಯ ಮೇಲೆ ತೇಲುತ್ತಿದ್ದಳು. ಅವಳು ಹಾಗೆ ನಕ್ಕದ್ದನ್ನು ನಾನು ಕೇಳಿದ್ದು ಬಹುಕಾಲದ ಹಿಂದೆ, ಅವಳಿನ್ನೂ ಲಂಗ ಉಡುತ್ತಿದ್ದಾಗ. ಕರೆಯಲೋ ಬೇಡವೋ ಎಂದು ಒಂದು ಕ್ಷಣ ನಿಂತೆ. ಬಯಲಿನಲ್ಲಿ ಉಪವಾಸ ಕುಳಿತವಳ ನೆನಪಾಗಿ, ನಾನೊಬ್ಬನೇ ಕರೆಯುವ ಅವಳ ಚಿಕ್ಕಂದಿನ ಹೆಸರನ್ನು ಹಿಡಿದು ಗಟ್ಟಿಯಾಗಿ ಕೂಗಿದೆ.

ಅವಳು ತಲೆಯೆತ್ತಿ ನೋಡಿ, ಬಳೆಯಿಂದ ಜಾರಿ, ನೀರಿನಲ್ಲಿ ಒಮ್ಮೆ ಮುಳುಗಿ ಎದ್ದು, ಮೆಟ್ಟಿಲೇರಿ ಬಂದಳು. ಒಂದು ಟವೆಲನ್ನು ಹೆಗಲಿಗೆ ಎಳೆದುಕೊಂಡಿದ್ದಳು. ಮಣಿಕಟ್ಟಿನಲ್ಲಿ ಗೌರಿಯ ದಾರ ತೊಯ್ದು, ಅರಿಶಿನ ಇಳಿದು ರೆಸಾರ್ಟಿನ ಕಾಗದದ ಪಟ್ಟಿಗೆ ಹತ್ತಿತ್ತು.

“ಅಯ್ಯೋ ಅಣ್ಣಯ್ಯ! ಇಷ್ಟು ಬೇಗ ಬಂದ್ಯಾ? ನೋಡ್ಬೇಡ ನನ್ನ, ಈ ವೇಷದಲ್ಲಿ! ಸೀರೆಯಲ್ಲಿ ನೀರಿಗೆ ಬಿಡಲ್ಲ ಅಂತಾರೆ ಈ ಜನ. ಬೆಳಗ್ಗೆನೇ ರೂಮಲ್ಲಿ ಲೋಟದ ಮೇಲೆ ಗೌರಿ ಇಟ್ಟು ಪೂಜೆ ಮಾಡಿದೀನಿ, ಆಣೆಗೂ. ಆಮೇಲೆ ಮಕ್ಕಳು ಎಳ್ಕೊಂಡು ಬಂದ್ವು.”

“ಎಳೆಸಿಕೊಂಡು ಬಂದವರ ಮುಖ ಹಾಗಿರುವುದಿಲ್ಲ” ಎಂದೆ.

“ಸುಮ್ನಿರೋ” ಎಂದು ನಕ್ಕಳು. ಅತ್ತಿಗೆ ಇನ್ನೂ ಉಂಡಿಲ್ಲವೆಂದು ಹೇಳಿದ ಮೇಲೆ ನಗು ನಿಂತಿತು. ಸೀರೆಯುಟ್ಟು ಬರುತ್ತೇನೆಂದು ಹೊರಟವಳು ಅಲ್ಲಿಯೇ ತಿರುಗಿದಳು. ಕೋಣೆಯ ಬಾಗಿಲು ತೆರೆಯುವ ಕಾರ್ಡು ಮಗನ ಬಳಿಯಿತ್ತು. ಮಗ ಮಕ್ಕಳೊಡನೆ ಎತ್ತರದ ಜಾರುಬಂಡೆಯ ಸಾಲಿನಲ್ಲೆಲ್ಲೋ ಇದ್ದ. ಅವನ ಫೋನು ಪೆಟ್ಟಿಗೆಯೊಳಗೆ ಬೀಗದಲ್ಲಿತ್ತು. ಆ ಸಾಲು ಮೂರು ಸುತ್ತು ಸುತ್ತಿಕೊಂಡಿರುವುದು ಕಟಕಟೆಯಿಂದಲೇ ಕಾಣುತ್ತಿತ್ತು. “ಇದ್ದ ಹಾಗೇ ಬಾ” ಎಂದೆ.

ಹೀಗೆ ಟವೆಲು ಹೊದ್ದು, ನೀರು ತೊಟ್ಟಿಕ್ಕಿಸುತ್ತ ಅವಳು ನನ್ನ ಜೊತೆ ರಸ್ತೆ ದಾಟಿ ಬಂದಳು. ಹೆಂಡತಿ ಕಾರಿನ ಬಾಗಿಲು ತೆರೆದು ನೋಡಿದಳು, ನೋಡಿಯೇ ಇದ್ದಳು.

“ಏನೇ ಇದು, ಸರ್ಕಸ್ಸಿಗೆ ಸೇರಿದ್ಯಾ?”

“ಬೈಬೇಡಿ ಅತ್ತಿಗೆ. ಆಮೇಲೆ ಎಷ್ಟು ಬೇಕಾದ್ರೂ ಬೈಯಿರಿ. ಈಗ ಬಾಗಿನ ಹೇಗೆ ತಗೊಳ್ಳಲಿ ಹೇಳಿ. ಸೆರಗೇ ಇಲ್ವಲ್ಲ ನನ್ನ ಹತ್ರ!”

ಇದು ಸಣ್ಣ ಮಾತಲ್ಲ. ಕೊಡುವವಳು ತನ್ನ ಸೆರಗನ್ನು ಮೊರದ ಮೇಲೆ ಹೊದಿಸಿ ಚಾಚುತ್ತಾಳೆ. ಕೊಳ್ಳುವವಳು ತನ್ನ ಸೆರಗನ್ನು ಹೊದಿಸಿ ಹಿಡಿಯುತ್ತಾಳೆ. ಸೆರಗಿಲ್ಲದ ಕೈಗೆ ಬಾಗಿನ ಹೋಗುವುದಿಲ್ಲ. ತಂಗಿ ಟವೆಲಿನ ತುದಿಯನ್ನು ಮುಂದಕ್ಕೆ ಹಿಡಿದು, ಇದು ಆಗುತ್ತದೆಯೇ ಎಂಬಂತೆ ನನ್ನ ಮುಖ ನೋಡಿದಳು. ಅದರ ಮೇಲೆ ರೆಸಾರ್ಟಿನ ಮುದ್ರೆ ದೊಡ್ಡದಾಗಿತ್ತು. ಆಗುವುದಿಲ್ಲವೆಂದೆ.

ಆಗ ಹೆಂಡತಿ ಸೀಟಿನ ಪಕ್ಕದ ಚೀಲಕ್ಕೆ ಕೈಹಾಕಿ, ತಂಗಿಗೆಂದೇ ಕೊಂಡಿದ್ದ ಹಸಿರು ನೂಲಿನ ಸೀರೆಯನ್ನು ತೆಗೆದಳು. “ಬಾಗಿನದ ಜೊತೆ ಕೊಡೋಣ ಅಂತಿದ್ದೆ. ಮೊದಲೇ ಕೊಟ್ಟುಬಿಡ್ತೀನಿ. ಉಟ್ಕೋ” ಎಂದವಳು, ನನ್ನತ್ತ ತಿರುಗಿ ತಡೆದಳು. “ಏನ್ರೀ, ನೀರು ಕಾಣದ ಹೊಸ ಸೀರೆ ಇದು. ನೆನೆಸಿ ಒಣಗಿಸಿಲ್ಲ. ಮಡಿಗೆ ಬರುತ್ತಾ?”

ಇಂತಹ ಪ್ರಶ್ನೆಗೆ ನಾನು ಪಾಠಶಾಲೆಯಲ್ಲಿಯೇ ಉತ್ತರ ಕಲಿತಿದ್ದೆ. “ಮಗ್ಗದಿಂದ ಬಂದು ಇನ್ನೂ ಯಾರೂ ಉಡದ ಬಟ್ಟೆಗೆ ಅಹತ ವಸ್ತ್ರ ಎನ್ನುತ್ತಾರೆ. ಶುಭಕಾರ್ಯಕ್ಕೆ ಅದೇ ಪ್ರಶಸ್ತ. ಧಾರಾಳವಾಗಿ ಉಡಲಿ.”

“ಒಳಗೆ ಆ ನೈಲಾನು ಒದ್ದೆಯಿದೆಯಲ್ಲ?”

“ಒದ್ದೆ ಮಡಿಗೆ ವಿರೋಧವೇ?”

“ಊರಿನವರೆಲ್ಲ ಇಳಿದ ನೀರು ಕಣ್ರೀ!”

“ಕಾಶಿಯ ಘಟ್ಟದಲ್ಲಿ ಊರಿನವರು ಇಳಿದಿರುವುದಿಲ್ಲವೇ?” ಎಂದೆ. ಹೆಂಡತಿ ಸೀರೆಯ ಮಡಿಕೆ ಬಿಚ್ಚಿದಳು.

ಮೊಮ್ಮಗಳು ಕಾರಿನ ಎರಡು ಬಾಗಿಲುಗಳನ್ನೂ ತೆರೆದು ಮರೆ ಮಾಡಿದಳು. ನಾನು ಬೆನ್ನು ತಿರುಗಿಸಿ ಬಸ್ಸಿನ ಚಕ್ರವನ್ನು ನೋಡುತ್ತ ನಿಂತೆ. ಹಿಂದಿನಿಂದ, “ಅಜ್ಜಿ, ನಿರಿಗೆ ಉಲ್ಟಾ ಆಗ್ತಿದೆ,” “ನೀನು ಸುಮ್ನೆ ಪಿನ್ನು ಕೊಡೇ,” “ಚಳಿ ಅತ್ತಿಗೆ, ಅಂಟ್ಕೊತಿದೆ” ಎಂಬ ಮಾತುಗಳು ಕೇಳುತ್ತಿದ್ದವು. ತಿರುಗಬಹುದೆಂದಾಗ ತಿರುಗಿದೆ. ಹಸಿರು ಸೀರೆ, ಒದ್ದೆ ಕೂದಲು, ಹಣೆಯಲ್ಲಿ ಹೆಂಡತಿಯಿಟ್ಟ ಹೊಸ ಕುಂಕುಮ. ನನ್ನ ತಂಗಿ ಪೂರ್ವಕ್ಕೆ ಮುಖ ಮಾಡಿ ನಿಂತಿದ್ದಳು.

ಹೆಂಡತಿ ಕಾರಿನಿಂದಿಳಿದು ಜಲ್ಲಿಯ ಮೇಲೆ ಕಾಲೂರಿದಳು. ಮೊಮ್ಮಗಳು ಭುಜ ಹಿಡಿಯಲು ಹೋದಾಗ ಬೇಡವೆಂದು ತಲೆಯಾಡಿಸಿದಳು. ಮೊರದ ಮೇಲೆ ಸೆರಗು ಹೊದಿಸಿ ಎರಡು ಕೈಯಲ್ಲಿ ಎತ್ತಿ ಚಾಚಿದಳು. ತೂಕಕ್ಕೆ ಮೊರ ತುಸು ಕೆಳಗಿಳಿಯಿತು. ನಾನು ಮುಂದೆ ಬರಲಿಲ್ಲ, ಅದು ನನ್ನ ಕೈ ಸೇರಬೇಕಾದ ಕೆಲಸವಲ್ಲ. ತಂಗಿ ಹಸಿರು ಸೆರಗನ್ನು ಆ ಸೆರಗಿನ ಮೇಲೆ ಎಳೆದು ಮೊರವನ್ನು ಹಿಡಿದಳು. ನಾನು ಮಂತ್ರ ಹೇಳಿದೆ. ಮೊರ ಅತ್ತಿತ್ತ ಹೋಗಿ, ಕೊನೆಗೆ ತಂಗಿಯ ಕೈಯಲ್ಲಿ ನಿಂತಿತು.

ಒಳಗೆ ಒಯ್ಯುವ ಪ್ರಶ್ನೆಯೇ ಉಳಿಯಲಿಲ್ಲ. ಪಕ್ಕದಲ್ಲಿ ನಿಂತಿದ್ದ ಎರಡು ಬಸ್ಸುಗಳಲ್ಲಿ ಒಂದು ಅವಳನ್ನು ಕರೆತಂದ ಬಸ್ಸೇ ಆಗಿತ್ತು. ಚಾಲಕ ಸಾಮಾನಿನ ಗೂಡನ್ನು ತೆರೆದುಕೊಟ್ಟ. ತಂಗಿ ಅದರಲ್ಲಿಡಲು ಒಪ್ಪದೆ, ಒಳಗೆ ಹತ್ತಿ ತನ್ನ ಸೀಟಿನ ಮೇಲೆಯೇ ಮೊರವನ್ನು ಇಟ್ಟು ಬಂದಳು. ಮತ್ತೆ ಜಲ್ಲಿಯ ಮೇಲೆಯೇ ಇಬ್ಬರಿಗೂ ನಮಸ್ಕರಿಸಿದಳು. ದೀರ್ಘಸುಮಂಗಲಿಯಾಗೆಂದು ನಾನು ಹರಸಿದೆ. ನನ್ನ ಹೆಂಡತಿ ಅವಳನ್ನು ಎಬ್ಬಿಸಿ, ಬುತ್ತಿಯ ಡಬ್ಬಿಯನ್ನು ತೆಗೆದಳು. ಕಾರಿನ ಡಿಕ್ಕಿಯ ಅಂಚಿನಲ್ಲಿ ಅಕ್ಕಪಕ್ಕ ಕುಳಿತು ಇಬ್ಬರೂ ಒಂದೇ ಡಬ್ಬಿಯಿಂದ ಹೂರಣದ ಕಡುಬು ತಿಂದರು. ಹೆಂಡತಿಯ ಮುಖಕ್ಕೆ ಬಣ್ಣ ಬಂದಿತು. ನಾನು ನನ್ನ ಪಾಲಿನ ಕಡುಬನ್ನು ನಿಂತೇ ತಿಂದೆ. ಪ್ರಸಾದವನ್ನು ನಿಂತು ತಿನ್ನಬಾರದೆಂದು ನನಗೆ ಗೊತ್ತು. ಕೂರಲು ಮೂರನೆಯವನಿಗೆ ಸ್ಥಳವಿರಲಿಲ್ಲ.

ಅಲೆಯ ಸೈರನ್ನು ಮತ್ತೆ ಕೂಗಿತು. ತಂಗಿಯ ಕಿವಿ ಅತ್ತ ಹೋಯಿತು.

“ಅತ್ತಿಗೆ, ಒಂದ್ಸಲ ಬಂದು ಆ ನೀರಲ್ಲಿ ಕೂತ್ಕೊಳ್ಳಿ. ತೊಟ್ಟಿಲು ತೂಗಿದ ಹಾಗೆ ಆಗುತ್ತೆ. ಸತ್ಯವಾಗ್ಲೂ.”

ಹೋದ ವರ್ಷ ಈ ಹಬ್ಬದ ದಿನ, ಆಸ್ಪತ್ರೆಯ ಮಂಚದ ಮೇಲಿಂದ, ಮುಂದಿನ ಹಬ್ಬದ ಮಾತನ್ನು ಆಡಬೇಡಿರೆಂದು ನನಗೆ ಹೇಳಿದ್ದವಳು ನನ್ನ ಹೆಂಡತಿ. ಬೆರಳಿಗಂಟಿದ ಹೂರಣವನ್ನು ಒರೆಸಿಕೊಂಡು, ಮೊಮ್ಮಗಳ ಕಡೆ ತಿರುಗಿ ಹೇಳಿದಳು:

“ಮುಂದಿನ ವರ್ಷಕ್ಕೆ ಎಷ್ಟಂತೆ ಟಿಕೆಟ್ಟು, ವಿಚಾರಿಸಿಡು. ನಿಜವಾದ ಟಿಕೆಟ್ಟು ಕಣೇ, ಕ್ಯಾನ್ಸಲ್ ಮಾಡೋದಲ್ಲ. ನಿಮ್ಮ ತಾತ ಬೇಕಾದ್ರೆ ಇಲ್ಲೇ ಬಸ್ಸಿನ ಹತ್ರ ನಿಂತಿರಲಿ.”