ಎಡಗಡೆ ಕೂತವರ ಊಟ

ಯಾದವಗಿರಿಯಲ್ಲಿ ಶಿವಪ್ರಕಾಶ್ ಎಂಬೊಬ್ಬ ಇದ್ದಾನೆ. ಕತೆಗಳಲ್ಲಿ ‘ಇದ್ದ’ ಎಂದು ಶುರು ಮಾಡುವುದು ರೂಢಿ. ಇವನ ವಿಷಯದಲ್ಲಿ ಆ ಭಾಗ್ಯ ಊರಿಗೆ ಇನ್ನೂ ಬಂದಿಲ್ಲ. ಮದುವೆ ಗೊತ್ತಾದ ಹುಡುಗ ಹುಡುಗಿಯರನ್ನು ಭಾನುವಾರ ಗುಂಪಾಗಿ ಕೂರಿಸಿಕೊಂಡು, ಬಾಳುವುದು ಹೇಗೆಂದು ಹೇಳಿಕೊಡುವುದು ಅವನ ಕಸುಬು. ಇದಕ್ಕೆ ಮೊದಲು ನೀರು ಸೋಸುವ ಯಂತ್ರ ಮಾರುತ್ತಿದ್ದ. ಆಮೇಲೆ ಮಕ್ಕಳ ಕೈಬರಹ ತಿದ್ದುವ ಕ್ಲಾಸು ಇಟ್ಟ. ಅವನ ಕೈಬರಹ ನೋಡಿದ ತಾಯಂದಿರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಕೊನೆಗೆ ಯಾವುದೋ ಹೋಟೆಲಿನಲ್ಲಿ ಮೂರು ದಿನ ತರಬೇತಿ ತೆಗೆದುಕೊಂಡು, ನಾಲ್ಕನೆಯ ದಿನ ಗೇಟಿಗೆ ‘ದಾಂಪತ್ಯ ಆಪ್ತಸಮಾಲೋಚಕರು’ ಎಂದು ಬೋರ್ಡು ತೂಗುಹಾಕಿದ. ಕೆಳಗೆ ಇನ್ನೊಂದು ಸಾಲು: ‘ನಮ್ಮಲ್ಲಿಗೆ ಬಂದ ಒಂದು ಜೋಡಿಯೂ ಮುರಿದಿಲ್ಲ.’

ಆ ಸಾಲೇ ಅವನ ಅಂಗಡಿ. ಹುಡುಗ ಹುಡುಗಿ ತಾವಾಗಿ ಹುಡುಕಿಕೊಂಡು ಬರುತ್ತಿರಲಿಲ್ಲ, ಅಪ್ಪ ಅಮ್ಮಂದಿರು ಕಳಿಸುತ್ತಿದ್ದರು. ಹೊಲಿಗೆ ಬಿಡುತ್ತಿರುವ ಚೀಲವನ್ನು ಚಮ್ಮಾರನ ಹತ್ತಿರ ಕಳಿಸಿದ ಹಾಗೆ. ಶಿವಪ್ರಕಾಶನಿಗೆ ಗೊತ್ತಿದ್ದದ್ದು ಒಂದೇ ಹೊಲಿಗೆ: “ಅಡ್ಜಸ್ಟ್ ಮಾಡ್ಕೋಬೇಕಮ್ಮ.” ಆ ಮಾತನ್ನು ಅವನು ಯಾವ ಗಂಡು ಹುಡುಗನಿಗೂ ಹೇಳಿದ್ದನ್ನು ಕೇಳಿದವರಿಲ್ಲ.

ಅವನ ಶಿಬಿರದ ದೊಡ್ಡ ವಿದ್ಯೆ ಎಂದರೆ ಕಂಕಣದ ಆಟ. ಮಧ್ಯಾಹ್ನ ಎಲೆ ಹಾಕಿ ಜೋಡಿಗಳನ್ನು ಸಾಲಾಗಿ ಕೂರಿಸುವನು. ಹೆಣ್ಣು ಗಂಡಿನ ಎಡಕ್ಕೆ ಕೂರಬೇಕು, ಅದು ಪದ್ಧತಿ. ಹಾಗೆ ಕೂತಾಗ ಗಂಡಿನ ಎಡಗೈ, ಹೆಣ್ಣಿನ ಬಲಗೈ ಪಕ್ಕಪಕ್ಕ ಬರುತ್ತವಲ್ಲ, ಅವೆರಡನ್ನೂ ಸೇರಿಸಿ ಅರಿಶಿನದ ದಾರ ಬಿಗಿಯುವನು. ನಾಲ್ಕು ಗಂಟೆಯವರೆಗೆ ಬಿಚ್ಚುವ ಹಾಗಿಲ್ಲ. ಗಂಡಿಗೆ ಉಣ್ಣುವ ಕೈ ಬಿಡುವಾಗಿಯೇ ಇರುತ್ತದೆ. ಹೆಣ್ಣು ಒಂದು ತುತ್ತು ಎತ್ತಬೇಕಾದರೂ ಪಕ್ಕದವನು ದಯೆಯಿಟ್ಟು ತನ್ನ ಕೈಯನ್ನೂ ಎತ್ತಿಕೊಡಬೇಕು. ಆರು ವರ್ಷದಿಂದ ಇದೇ ಆಟ ಆಡಿಸುತ್ತಿದ್ದರೂ ಇದರಲ್ಲಿ ಏನೋ ಸೊಟ್ಟಗಿದೆ ಎಂದು ಅವನ ತಲೆಗೆ ಹೊಳೆದಿರಲಿಲ್ಲ. ಹೊಳೆಯುವುದಕ್ಕೆ ಅಲ್ಲಿ ಜಾಗವೂ ಇರಲಿಲ್ಲ.

ಅಡುಗೆಯ ಇಂದ್ರಮ್ಮನಿಗೆ ಹೊಳೆದಿತ್ತು. ಎಲೆ ಎತ್ತುವವಳು ಅವಳೇ. ಗಂಡುಗಳ ಎಲೆ ತೊಳೆದಿಟ್ಟ ಹಾಗಿರುತ್ತಿತ್ತು, ಹೆಣ್ಣುಗಳ ಎಲೆಯಲ್ಲಿ ಅನ್ನ ಬಡಿಸಿದ ಹಾಗೇ ಕೂತಿರುತ್ತಿತ್ತು. ಭಾನುವಾರ ಬಂತೆಂದರೆ ಬೀದಿಯ ಹಸುವೊಂದು ಎರಡು ಗಂಟೆಗೆ ಸರಿಯಾಗಿ ಗೇಟಿಗೆ ಬಂದು ನಿಲ್ಲುತ್ತಿತ್ತು. “ಈ ಸಿಬಿರದಿಂದ ಉದ್ಧಾರ ಆಗಿರೋಳು ನೀನೊಬ್ಳೇ ಕಣವ್ವ” ಎಂದು ಇಂದ್ರಮ್ಮ ಅದರ ಮುಂದೆ ಎಲೆ ಸುರಿಯುತ್ತಿದ್ದಳು.

ಹೀಗಿರಲಾಗಿ, ಹೋದ ಮಾರ್ಚಿನ ಒಂದು ಭಾನುವಾರ ಗಗನ ಬಂದಳು. ಉದಯಗಿರಿಯಲ್ಲಿ ಹಿಟ್ಟಿನ ಗಿರಣಿ ಇಟ್ಟಿರುವ ಜವರಪ್ಪನ ಮಗಳು, ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಜೊತೆಯಲ್ಲಿ ಅವಳಿಗೆ ಗೊತ್ತಾಗಿದ್ದ ಅಭಿಲಾಷ್, ಕಾರು ಷೋರೂಮಿನ ಮ್ಯಾನೇಜರು. ನಿಶ್ಚಿತಾರ್ಥವಾಗಿ ಎರಡು ತಿಂಗಳು. ಆ ಎರಡು ತಿಂಗಳಲ್ಲಿ ಅವನು ಅವಳಿಗೆ ಮುನ್ನೂರು ಕಾರಿನ ಗುಣ ಹೇಳಿದ್ದ. ಅವಳನ್ನು ಒಂದೂ ಪ್ರಶ್ನೆ ಕೇಳಿರಲಿಲ್ಲ.

“ನಂಗೀ ಮದುವೆ ಬ್ಯಾಡಪ್ಪ” ಎಂದು ಅವಳು ಮನೆಯಲ್ಲಿ ಹೇಳಿದ್ದಳು.

“ಕುಡೀತಾನಾ? ಇಸ್ಪೀಟಾ? ಮತ್ತಿನ್ನೇನವ್ವ ನಿಂಗೆ?” ಎಂದಿದ್ದ ಜವರಪ್ಪ. “ಅದ್ಯಾವ್ದೋ ಸಿಬಿರಕ್ಕೆ ಅವ್ರ ಮನೆಯೋರು ದುಡ್ಡು ಕಟ್ಬುಟ್ಟವ್ರೆ, ಹೋಗ್ಬಾ. ಆಮೇಲೂ ಬ್ಯಾಡ ಅನ್ನುಸ್ತಾ, ನಂಗೊಂದು ಕಾರಣ ಹೇಳು. ಸೋಮವಾರ ಮೊದಲ್ನೇ ಲಗ್ನಪತ್ರಿಕೆ ನಂಜನಗೂಡಲ್ಲಿ ದೇವ್ರ ಮುಂದೆ ಇಟ್ಬುಟ್ರೆ ಮುಗೀತು, ಆಮೇಲೆ ಯಾರ್ ಮಾತೂ ನಡೆಯಲ್ಲ.”

ಭಾನುವಾರ ಸಂಜೆಯೊಳಗೆ ಅಪ್ಪ ಒಪ್ಪುವಂಥ ಒಂದು ಕಾರಣ. ಅದಿಷ್ಟೇ ಅವಳಿಗೆ ಬೇಕಾಗಿದ್ದದ್ದು.

ಅವತ್ತು ಏಳು ಜೋಡಿ. ಹದಿನಾಲ್ಕು ಜನರಿಗೆ ಶಿವಪ್ರಕಾಶ್ ಮೈಕು ಹಿಡಿದಿದ್ದ. ಕೈ ಕಟ್ಟಿದ್ದಾಯಿತು. ಇಂದ್ರಮ್ಮ ಕೋಸಂಬರಿ, ಪಲ್ಯ, ಅನ್ನ, ಸಾರು ಬಡಿಸಿಕೊಂಡು ಬಂದಳು.

“ಕೈ ಎತ್ತಿ ಸ್ವಲ್ಪ” ಎಂದಳು ಗಗನ.

“ಒಂದ್ನಿಮಿಷ, ತಿನ್ಕೊಂಬುಡ್ತೀನಿ” ಎಂದ ಅಭಿಲಾಷ್.

ಆ ಒಂದು ನಿಮಿಷ ಪಲ್ಯ ದಾಟಿ, ಸಾರು ದಾಟಿ, ಎರಡನೆಯ ಸಲದ ಅನ್ನಕ್ಕೆ ಬಂದು ನಿಂತಿತು. ಅವಳು ಮತ್ತೆ ಹೇಳಿದಳು.

“ಎಡಗೈಲಿ ತಿನ್ನು. ಯಾರೂ ನೋಡಲ್ಲ” ಎಂದ ಅವನು.

ಗಗನ ಶಿವಪ್ರಕಾಶನನ್ನು ಕರೆದಳು. “ಸಾರ್, ಊಟದ ಹೊತ್ತಿಗಾದ್ರೂ ಬಿಚ್ಚಿ. ಹಸಿವಾಗ್ತಿದೆ.”

ಅವನು ಮೈಕಿನಲ್ಲೇ ಉತ್ತರ ಕೊಟ್ಟ. “ಇದೇ ನೋಡಿ ಪಾಠ. ಮುಂದೆ ಸಂಸಾರದಲ್ಲಿ ಬಿಚ್ಚಿ ಅಂದ್ರೆ ಯಾರ್ ಬಿಚ್ತಾರೆ? ಅಡ್ಜಸ್ಟ್ ಮಾಡ್ಕೋಬೇಕಮ್ಮ.”

ಎದುರು ಸಾಲಿನಲ್ಲಿ ಮಂಡಕಳ್ಳಿಯ ಲಾಸ್ಯ ಎಂಬ ಹುಡುಗಿ ಕೂತಿದ್ದಳು. ಅವಳ ಎಲೆಯೂ ತುಂಬಿಯೇ ಇತ್ತು. “ಪಾಠ ಇಬ್ರಿಗೂ ತಾನೆ ಸಾರ್? ಹಂಗಾದ್ರೆ ಇವ್ರು ಈ ಕಡೆ ಬರ್ಲಿ, ನಾವು ಬಲಗಡೆ ಕೂತ್ಕೋತೀವಿ. ಅರ್ಧ ಊಟ ಅವ್ರು ಮಾಡಿದ್ರು, ಇನ್ನರ್ಧ ನಾವು ಮಾಡ್ತೀವಿ.”

ಹುಡುಗಿಯರೆಲ್ಲ ನಕ್ಕರು. ಬೇಡ ಎನ್ನುವುದಕ್ಕೆ ಮೈಕಿನಲ್ಲಿ ಹೇಳುವಂಥ ಕಾರಣ ಶಿವಪ್ರಕಾಶನ ಹತ್ತಿರ ಇರಲಿಲ್ಲ. “ಇದೂ ಒಂದು ಪ್ರಯೋಗ” ಎಂದು ಹಲ್ಲು ಕಿರಿದು, ಅವರವರ ಕೈಯಲ್ಲೇ ಗಂಟು ಬಿಡಿಸಿ, ಎಲೆಸಮೇತ ಜಾಗ ಬದಲಾಯಿಸಿ ಕೂರಿಸಿ, ದಾರ ಮತ್ತೆ ಕಟ್ಟಿಸಿದ. ಈಗ ಗಂಡುಗಳ ಬಲಗೈ ಕಟ್ಟಿನಲ್ಲಿ ಬಿತ್ತು. ಅದೇ ಹೊತ್ತಿಗೆ ಇಂದ್ರಮ್ಮ ಒಬ್ಬಟ್ಟು ತಂದಳು, ಮೇಲೆ ಬಿಸಿ ತುಪ್ಪ.

ಗಗನ ಉಣ್ಣತೊಡಗಿದಳು. ತನ್ನ ಎಡಗೈಯನ್ನು ಚಾಪೆಯ ಮೇಲೆ ಊರಿಕೊಂಡೇ ಉಂಡಳು. ಅಭಿಲಾಷ್ ಒಬ್ಬಟ್ಟು ನೋಡಿದ, ಕೈ ಎಳೆದ, ಮತ್ತೆ ಒಬ್ಬಟ್ಟು ನೋಡಿದ. ಎರಡು ನಿಮಿಷವೂ ತಡೆಯಲಿಲ್ಲ.

“ಏನ್ಸಾರ್ ಇದು, ಮನುಷ್ಯ ಊಟ ಮಾಡೋದ್ ಬ್ಯಾಡ್ವಾ? ಬಿಚ್ಚಿ ಮೊದ್ಲು.”

ಶಿವಪ್ರಕಾಶ್ ಅಂಗಿಯ ಜೇಬಿಗೆ ಕೈ ಹಾಕಿ ಒಂದು ಪುಟ್ಟ ಕತ್ತರಿ ತೆಗೆದ. “ಪಾಪ, ಊಟದ ಹೊತ್ತು, ನಿಜ ನಿಜ” ಎನ್ನುತ್ತ ಬಗ್ಗಿ, ಕಟ್ ಎಂದು ದಾರ ಕತ್ತರಿಸಿದ.

ಗಗನ ಕತ್ತರಿಯನ್ನೇ ನೋಡುತ್ತಿದ್ದಳು.

“ಅದು ಜೇಬಲ್ಲೇ ಇತ್ತಾ ಸಾರ್?”

ಆರು ವರ್ಷದಿಂದ ಇತ್ತು. ಆ ಮಹಾನುಭಾವ ಉತ್ತರಕ್ಕಾಗಿ ಮೈಕಿನ ಮುಖ ನೋಡಿದ.

“ನೀನುಣ್ಣವ್ವ” ಎಂದು ಇಂದ್ರಮ್ಮ ಅವಳ ಎಲೆಗೆ ಇನ್ನೊಂದು ಒಬ್ಬಟ್ಟು ಹಾಕಿದಳು. ಗಗನ ಅವಸರ ಮಾಡದೆ ಉಂಡಳು. ಮೊಸರನ್ನ ಹಾಕಿಸಿಕೊಂಡು ಅದನ್ನೂ ಮುಗಿಸಿದಳು. ಕೈ ತೊಳೆದುಕೊಂಡು ಬಂದು, ಬೆರಳಿನ ಉಂಗುರ ತೆಗೆದು ಅಭಿಲಾಷ್‌ನ ನೀರಿನ ಲೋಟದ ಪಕ್ಕದಲ್ಲಿ ಇಟ್ಟಳು.

“ಏನಾಯ್ತು ಈಗ?” ಎಂದ ಅವನು.

ಎರಡು ತಿಂಗಳಲ್ಲಿ ಅವನು ಅವಳನ್ನು ಕೇಳಿದ ಮೊದಲ ಪ್ರಶ್ನೆ ಅದು. ಅವಳು ಉತ್ತರ ಹೇಳಲು ನಿಲ್ಲಲಿಲ್ಲ.

ಗಿರಣಿಯಲ್ಲಿ ಜವರಪ್ಪ ಹುಬ್ಬಿನ ಮೇಲೆಲ್ಲ ರಾಗಿಹಿಟ್ಟು ಹೊತ್ತು ನಿಂತಿದ್ದ. ಮಗಳು ಹೇಳಿದ್ದನ್ನು ಕೇಳಿ ಮಿಷನ್ನು ನಿಲ್ಲಿಸಿದ.

“ನೀನು ಉಣ್ದೆ ಕೂತಿದ್ದೆ. ಅವ್ನು ಉಣ್ತಿದ್ನಾ?”

“ಹೂಂ.”

“ಪಕ್ಕದಲ್ಲೇ?”

“ಕೈಗೆ ಕೈ ಕಟ್ಟಿತ್ತು ಕಣಪ್ಪ.”

ಜವರಪ್ಪ ಹೆಗಲ ಮೇಲಿನ ಟವಲು ತೆಗೆದು ಮುಖ ಒರೆಸಿಕೊಂಡ. “ಊರೋರ ಹಿಟ್ಟೆಲ್ಲ ಬೀಸಿ ಸಾಕಿದ್ದೀನಿ ನಿನ್ನ” ಎಂದ. “ಉಣ್ಣಕ್ಕೆ ಕೈ ಎತ್ಕೊಡದೋನ ಮನೆಗೆ ಕಳಿಸ್ಲಾ? ಬುಡು ಅತ್ಲಾಗೆ.” ಸೋಮವಾರ ನಂಜನಗೂಡಿಗೆ ಯಾರೂ ಹೋಗಲಿಲ್ಲ.

ಬುಧವಾರ ಶಿವಪ್ರಕಾಶ್ ಗಿರಣಿಗೇ ಬಂದ. ಹುಡುಗಿಯ ಬಾಳಿನ ಚಿಂತೆಯಿಂದ ಬಂದನೆಂದು ತಿಳಿಯಬೇಡಿ, ಬೋರ್ಡಿನ ಚಿಂತೆ. “ಯಜಮಾನ್ರೇ, ನೀವು ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡ್ರೆ…” ಎಂದು ಶುರು ಮಾಡಿದ.

“ಕತ್ತರಿ ತಂದಿದ್ದೀರಾ ಸ್ವಾಮಿ?” ಎಂದು ಜವರಪ್ಪ ಮಿಷನ್ನು ಹಾಕಿದ. ಮುಂದಿನ ಮಾತು ಕೇಳಿಸಲಿಲ್ಲ.

ಆದರೆ ಅಂಥವರು ಸೋಲುವುದುಂಟೆ? ಗಗನ ಎರಡೂವರೆಗೇ ಎದ್ದು ಹೋದಳಲ್ಲ, ಶಿಬಿರ ನಾಲ್ಕರವರೆಗೆ. ಒಂದು ಡಬ್ಬಿ ಬಣ್ಣ ತಂದು, ತನ್ನ ಆ ಸುಂದರ ಕೈಬರಹದಲ್ಲೇ ಬೋರ್ಡು ತಿದ್ದಿದ: ‘ಶಿಬಿರ ಪೂರ್ತಿ ಮುಗಿಸಿದ ಒಂದು ಜೋಡಿಯೂ ಮುರಿದಿಲ್ಲ.’ ಕಂಕಣದ ಆಟವನ್ನು ಈಗ ಊಟವಾದ ಮೇಲೆ ಆಡಿಸುತ್ತಾನೆ. ಇಂದ್ರಮ್ಮ ಕೆಲಸ ಬಿಟ್ಟಳು. ಹಸು ಇನ್ನೂ ಎರಡು ಭಾನುವಾರ ಬಂದು ನೋಡಿತು, ಮೂರನೆಯದಕ್ಕೆ ಅದೂ ಬರಲಿಲ್ಲ.

ಅಪ್ಪ ಅಮ್ಮಂದಿರು ಮಾತ್ರ ಇನ್ನೂ ಬರುತ್ತಿದ್ದಾರೆ.